ಗಣಪತಿ ಫೋಟೋದ ಹಿಂದಿದ್ದ ನನ್ನ ಕಿವಿ

ನನ್ನ ಕಿವಿಯಲ್ಲಿ ಯಾವ ವಿಶೇಷವೂ ಇಲ್ಲ. ಎಲ್ಲರಿಗೂ ಇರುವಂಥ ಕಿವಿ, ಬಲಗಡೆಯದು ಸ್ವಲ್ಪ ಮಂದವೇ ಎನ್ನಬಹುದು. ಬಾನೆಟ್ ಎತ್ತಿ, ಓಡುವ ಎಂಜಿನ್ನಿನ ಮೇಲೆ ಉದ್ದನೆಯ ಸ್ಕ್ರೂಡ್ರೈವರ್ ಊರಿ, ಅದರ ಹಿಡಿಗೆ ಕಿವಿಯಿಟ್ಟು, ಕಣ್ಣು ಮುಚ್ಚಿ, "ಇಂಥದ್ದು ಹೋಗಿದೆ" ಎಂದು ನಾನು ಹೇಳುತ್ತಿದ್ದೆನಲ್ಲ — ಅದು ನಾಟಕ. ಹನ್ನೊಂದು ವರ್ಷ ಆಡಿದ ನಾಟಕ. ನನಗೆ ಹೇಳಿಕೊಡುತ್ತಿದ್ದುದು ಶೆಡ್ಡಿನ ಗೂಡಿನಲ್ಲಿ, ಗಣಪತಿ ಫೋಟೋದ ಹಿಂದೆ, ಕೆಂಪು ಬಟ್ಟೆ ಹೊದ್ದು ಕೂತಿದ್ದ ಒಂದು ಮಿಷನ್ನು.

ಗಿರಾಕಿಗಳಿಗೆ ಹೇಳಿದ ಸುಳ್ಳಿನ ಬಗ್ಗೆ ನನಗೆ ಅಷ್ಟೇನೂ ನೋವಿಲ್ಲ. ಅವರ ಗಾಡಿ ಸರಿಯಾಗಿಯೇ ರಿಪೇರಿ ಆಗುತ್ತಿತ್ತು. ನಾನು ಕೆಟ್ಟದ್ದು ಮಾಡಿದ್ದು ಒಬ್ಬನಿಗೆ — ಮಳವಳ್ಳಿಯ ನಂಜುಂಡನಿಗೆ. ನಿಜವಾದ ಕಿವಿ ಇದ್ದದ್ದು ಅವನಿಗೆ. ಆ ಕಿವಿ ಹೋಗಿದೆ ಎಂದು ನಾನೇ ಅವನನ್ನು ನಂಬಿಸಿದೆ.

ನಾನು ಕೆಂಪರಾಜು. ಮದ್ದೂರಿನಲ್ಲಿ ಹಳೇ ಹೆದ್ದಾರಿಯ ಪಕ್ಕ ನನ್ನ ಶೆಡ್ಡು. ಹೊಸ ರಸ್ತೆ ಊರ ಹೊರಗೆ ಹೋದ ಮೇಲೆ ಹೊಸ ಕಾರುಗಳೂ ಅದರ ಹಿಂದೆಯೇ ಹೋದವು. ನನ್ನ ಪಾಲಿಗೆ ಉಳಿದವು ಮುದಿ ಗಾಡಿಗಳು. ನಾನೂ ನಂಜುಂಡನೂ ಮಂಡ್ಯದಲ್ಲಿ ಒಬ್ಬರೇ ಮೇಸ್ತ್ರಿಯ ಕೈಕೆಳಗೆ ಕೆಲಸ ಕಲಿತವರು. ಒಂದೇ ತಟ್ಟೆಯಲ್ಲಿ ಮುದ್ದೆ ಮುರಿದವರು. ಆಗಲೇ ಅವನ ಕಿವಿ ಎಂಥದ್ದೆಂದರೆ, ಗಾಡಿ ಇನ್ನೂ ರಸ್ತೆಯ ತಿರುವಿನಲ್ಲಿರುವಾಗಲೇ "ಎರಡನೇ ಪ್ಲಗ್ಗು ಸತ್ತದೆ" ಎನ್ನುತ್ತಿದ್ದ. ಬಿಚ್ಚಿ ನೋಡಿದರೆ ಸತ್ತೇ ಇರುತ್ತಿತ್ತು. ಮೇಸ್ತ್ರಿ ನನ್ನ ಕಡೆ ತಿರುಗಿ, "ನಿನ್ ತಲೇ ಪಕ್ದಲ್ಲಿ ಇರೋವು ಏನ್ಲಾ, ಬಾಳೆಲೆಯಾ?" ಎನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ — ನಗುತ್ತಿದ್ದೆ ಎಂದೇ ಎಲ್ಲರೂ ಅಂದುಕೊಂಡಿದ್ದರು.

ಆಮೇಲೆ ಅವನು ಮಳವಳ್ಳಿಯಲ್ಲಿ, ನಾನು ಮದ್ದೂರಿನಲ್ಲಿ ಶೆಡ್ಡು ಹಾಕಿದೆವು. ಒಂದು ಪದ್ಧತಿ ಮಾತ್ರ ಬಿಡಲಿಲ್ಲ. ಆಯುಧಪೂಜೆಯ ಬೆಳಿಗ್ಗೆ ನಾನು ಅವನ ಶೆಡ್ಡಿಗೆ ಹೋಗಿ ಅವನ ಸಾಮಾನಿಗೆ ಕುಂಕುಮ ಇಡುವುದು, ಮಧ್ಯಾಹ್ನ ಅವನು ಬಂದು ನನ್ನ ಸಾಮಾನಿಗೆ ಇಡುವುದು. ಒಬ್ಬರೇ ಗುರುವಿನ ಶಿಷ್ಯರು ಒಬ್ಬರ ಆಯುಧಕ್ಕೆ ಒಬ್ಬರು ಮರ್ಯಾದೆ ಕೊಡಬೇಕು ಎಂದು ಮೇಸ್ತ್ರಿ ಹೇಳಿದ್ದರು.

ಕಾರುಗಳಿಗೆ ಕಂಪ್ಯೂಟರ್ ಬಂದ ಮೇಲೆ ನಮ್ಮಿಬ್ಬರಿಗೂ ಕಷ್ಟ ಶುರುವಾಯಿತು. ತೀರಾ ಹೊಸ ಕಾರಾದರೆ ತೊಂದರೆಯಿಲ್ಲ, ಎಲ್ಲಕ್ಕೂ ಒಂದೇ ಥರದ ಸಾಕೆಟ್ಟು. ಅಂಗೈಯಷ್ಟು ಸ್ಕ್ಯಾನರ್ ಸಿಕ್ಕಿಸಿದರೆ ಕಾಯಿಲೆ ಇಂಥದ್ದು ಎಂದು ಹೇಳಿಬಿಡುತ್ತದೆ. ನಮ್ಮ ಕಡೆಗೆ ಬರುತ್ತಿದ್ದುದು ಬೆಂಗಳೂರಿನಲ್ಲಿ ಮೂರು ಕೈ ದಾಟಿದ ಗಾಡಿಗಳು. ಕಂಪ್ಯೂಟರ್ ಆಗತಾನೇ ಬಂದ ಕಾಲದವು. ಒಂದಕ್ಕೆ ದುಂಡನೆಯ ಸಾಕೆಟ್ಟು, ಇನ್ನೊಂದಕ್ಕೆ ಮೂರೇ ಪಿನ್ನು, ಮತ್ತೊಂದಕ್ಕೆ ಅದು ಸೀಟಿನ ಕೆಳಗೆ ಅಡಗಿರುತ್ತಿತ್ತು. ಹೊಸ ಸ್ಕ್ಯಾನರ್ ಅವುಗಳೊಡನೆ ಮಾತನ್ನೇ ಆಡದು. ಹಳೇ ಗಾಡಿಯ ಮಾತು ಬಲ್ಲ ಹಳೇ ಸ್ಕ್ಯಾನರ್ ಎಲ್ಲಾದರೂ ಸಿಕ್ಕೀತೇ ಎಂದು ಇಬ್ಬರೂ ಗುಜರಿ ಗುಜರಿ ಅಲೆದೆವು. ಭಾಷೆ ತಿಳಿಯದ ವಿಡಿಯೋಗಳನ್ನು ಮೊಬೈಲಿನಲ್ಲಿ ಬಾಯಿ ಬಿಟ್ಟುಕೊಂಡು ನೋಡಿದೆವು. ಒಂದು ದಿನ ಶಿಂಷಾ ಸೇತುವೆಯ ಮೇಲೆ ಬೈಕು ನಿಲ್ಲಿಸಿಕೊಂಡು ನಂಜುಂಡ ಹೇಳಿದ:

"ನೋಡ್ಲಾ ಕೆಂಪ, ಯಾರ್ಗ್ ಮೊದ್ಲು ಸಿಕ್ಕುದ್ರೂ ಇನ್ನೊಬ್ನಿಗ್ ಯೋಳ್ಬುಡ್ಬೇಕು. ವಾರದಲ್ಲಿ ಮೂರ್ ದಿನ ನಿನ್ ತಾವ, ಮೂರ್ ದಿನ ನನ್ ತಾವ."

"ಭಾನುವಾರ?" ಎಂದೆ.

"ಅವತ್ತು ಅದ್ಕೂ ರಜಾ ಕಣ್ಲಾ."

ಕೈ ಮೇಲೆ ಕೈ ಹಾಕಿ ಮಾತು ಕೊಟ್ಟೆ.

ಸಿಕ್ಕಿದ್ದು ನನಗೆ. ಸೋಮನಹಳ್ಳಿಯಲ್ಲಿ ಒಂದು ಗುಜರಿ ಗೋದಾಮು. ಎಲ್ಲೋ ಬಾಗಿಲು ಮುಚ್ಚಿದ ವರ್ಕ್‌ಶಾಪಿನ ಸಾಮಾನು ತಂದು ಸುರಿದಿದ್ದರು. ಮುರಿದ ಕುರ್ಚಿಗಳ ಕೆಳಗೆ ಬುತ್ತಿ ಡಬ್ಬಿಯಷ್ಟು ದಪ್ಪದ ಕಪ್ಪು ಮಿಷನ್ನು, ಜೊತೆಗೆ ಒಂದು ತಗಡಿನ ಪೆಟ್ಟಿಗೆ. ಪೆಟ್ಟಿಗೆ ತೆರೆದೆ — ದುಂಡನೆಯ ಪ್ಲಗ್ಗು, ಚಪ್ಪಟೆ ಪ್ಲಗ್ಗು, ಮೂರು ಪಿನ್ನಿನದು — ನಾವು ಕನಸು ಕಂಡಿದ್ದೆಲ್ಲ ಅಲ್ಲಿತ್ತು. ನನಗೆ ಕುಣಿಯುವಷ್ಟು ಸಂತೋಷ. ಜೇಬಿನಿಂದ ಫೋನು ತೆಗೆದು ನಂಜುಂಡನ ನಂಬರನ್ನೂ ಒತ್ತಿದೆ. ಎಂಗೇಜ್ ಬಂತು.

ಆಮೇಲೆ ಮಾಡಿದರಾಯಿತು ಎಂದುಕೊಂಡೆ. ಆ "ಆಮೇಲೆ" ಬರಲೇ ಇಲ್ಲ.

ಎರಡು ದಿನ ಕಳೆದು ಬೆಳಕವಾಡಿಯ ಮೇಷ್ಟ್ರೊಬ್ಬರು ಹಳೇ ಕಾರು ತಂದರು. ಬಿಸಿಯಾದರೆ ನಡುರಸ್ತೆಯಲ್ಲಿ ನಿಲ್ಲುತ್ತದೆ, ಆರಿದರೆ ಹೊರಡುತ್ತದೆ. "ಮಳವಳ್ಳಿ ನಂಜುಂಡಪ್ಪ ಎರಡು ಸಲ ನೋಡಿದ್ರು, ಆಗ್ಲಿಲ್ಲ" ಎಂದರು. ನಂಜುಂಡನ ಕೈಲಿ ಆಗಲಿಲ್ಲವಂತೆ! ನನ್ನ ಎದೆಯೊಳಗೆ ಏನೋ ಒಂದು ಎದ್ದು ನಿಂತಿತು. ಬಾಳೆಲೆ ಕಿವಿಯ ಕೆಂಪನಿಗೆ ಒಂದೇ ಒಂದು ಸಲ ಗೆಲ್ಲಬೇಕೆನಿಸಿತು. ಒಂದೇ ಸಲ ಸಾಕು, ಆಮೇಲೆ ಮಿಷನ್ ತೋರಿಸಿ ಇಬ್ಬರೂ ನಗುವುದು — ಹಾಗೆಂದೇ ಅಂದುಕೊಂಡಿದ್ದೆ.

"ಸಾರ್, ಹೋಗಿ ಬಿಸಿ ವಡೆ ತಿಂದು ಕಾಫಿ ಕುಡ್ಕೊಂಡ್ ಬನ್ನಿ" ಎಂದೆ. ಮದ್ದೂರಿಗೆ ಬಂದವರು ವಡೆಗೆ ಬೇಡ ಎನ್ನುವುದುಂಟೇ? ಅವರು ಅತ್ತ ಹೋದರು, ನಾನು ಇತ್ತ ಮಿಷನ್ ಸಿಕ್ಕಿಸಿದೆ. ಅದು ಹೇಳಿತು: ಕ್ರ್ಯಾಂಕ್ ಸೆನ್ಸರ್. ಎಂಜಿನ್ ಎಷ್ಟು ಸುತ್ತು ತಿರುಗಿತೆಂದು ಕಂಪ್ಯೂಟರಿಗೆ ತಿಳಿಸುವ ಹೆಬ್ಬೆರಳುದ್ದದ ಸಾಮಾನು. ಮೇಷ್ಟ್ರು ಬಾಯಿ ಒರೆಸಿಕೊಂಡು ಬರುವ ಹೊತ್ತಿಗೆ ಮಿಷನ್ ಗಣಪತಿಯ ಹಿಂದೆ, ನಾನು ಸ್ಕ್ರೂಡ್ರೈವರಿಗೆ ಕಿವಿಯಿಟ್ಟು ಕಣ್ಣು ಮುಚ್ಚಿ ನಿಂತಿದ್ದೆ. "ಕ್ರ್ಯಾಂಕ್ ಸೆನ್ಸರ್ ಸಾರ್. ಸದ್ದಲ್ಲೇ ಗೊತ್ತಾಗ್ತದೆ." ಹೊಸದು ಹಾಕಿದ ಮೇಲೆ ಕಾರು ಒಮ್ಮೆಯೂ ನಿಲ್ಲಲಿಲ್ಲ. ಮೇಷ್ಟ್ರ ಬಾಯಿ ಕೇಳಬೇಕೆ? ಬೆಳಕವಾಡಿಯಿಂದ ಶಿವನಸಮುದ್ರದವರೆಗೆ ನನ್ನ ಕಿವಿಯ ಸುದ್ದಿ ಹಬ್ಬಿತು. ಗೂಡಿನಲ್ಲಿ ಗಣಪತಿ ಇದ್ದದ್ದರಿಂದ, ದೇವರೇ ತನ್ನ ಕಿವಿ ಕೊಟ್ಟಿದ್ದಾನೆ ಎಂದವರೂ ಉಂಟು. ಹಾಗೆ ಅಂದವರು ಫೋಟೋಗೆ ಕೈ ಮುಗಿದರೆ ಮಿಷನ್ನಿಗೂ ಒಂದು ಪಾಲು ಸಲ್ಲುತ್ತಿತ್ತು.

ಮುಂದಿನ ಭಾನುವಾರ ನಂಜುಂಡ ಬಂದ. ಹೊಟ್ಟೆಕಿಚ್ಚಿನ ಜಾತಿಯವನಲ್ಲ ಅವನು. ಮುಖದ ತುಂಬ ನಗು.

"ಏನ್ಲಾ, ಸೆನ್ಸರ್ ಸದ್ದು ಕೇಳುಸ್ಕಂಡ್ಯಂತಲ್ಲಾ ನೀನು? ನಂಗೂ ವಸಿ ಯೋಳ್ಕೊಡು."

ಆಗಲೇ ಹೇಳಬಹುದಿತ್ತು. ಗಣಪತಿ ನಮ್ಮಿಬ್ಬರಿಂದ ನಾಲ್ಕು ಹೆಜ್ಜೆ ದೂರದಲ್ಲಿದ್ದ. ಆದರೆ ಅವನು ನನ್ನಿಂದ ಕಲಿಯಲು ಬಂದಿದ್ದ — ನಂಜುಂಡ, ನನ್ನಿಂದ! — ಆ ರುಚಿ ನಾಲಗೆಗೆ ಹತ್ತಿಬಿಟ್ಟಿತು. ಶೆಡ್ಡಿನಲ್ಲಿದ್ದ ಒಂದು ಕಾರನ್ನು ಸ್ಟಾರ್ಟ್ ಮಾಡಿ, "ಇಲ್ಲಿ ಊರು, ಕೇಳು" ಎಂದೆ. ಅವನು ಕೇಳಿದ. ಅರ್ಧ ಗಂಟೆ ಬಗ್ಗಿಕೊಂಡೇ ಕೇಳಿದ. ಬೆವರು ಅವನ ಮೂಗಿನ ತುದಿಯಿಂದ ಎಂಜಿನ್ನಿನ ಮೇಲೆ ತೊಟ್ಟಿಕ್ಕಿ ಚುರ್ ಎನ್ನುತ್ತಿತ್ತು. ಓದುವ ನಿಮಗೆ ಒಂದು ಮಾತು ಹೇಳಬೇಕು: ಆ ಸೆನ್ಸರಿಗೆ ಸದ್ದೇ ಇಲ್ಲ. ಕೆಟ್ಟರೂ ಇಲ್ಲ, ಚೆನ್ನಾಗಿದ್ದರೂ ಇಲ್ಲ. ಬ್ರಹ್ಮನಿಗೂ ಅದು ಕೇಳಿಸದು.

"ಏನೂ ಕೇಳುಸ್ತಿಲ್ವಲ್ಲಾ ಕೆಂಪ" ಎಂದ.

ನಾನು ಹೇಳಿದೆ — ಈ ಮಾತನ್ನು ಬರೆಯಲು ಕೈ ಹಿಂದೆಗೆಯುತ್ತಿದೆ, ಆದರೂ ಬರೆಯುತ್ತೇನೆ — "ನಂಗೆ ಇಷ್ಟ್ ಜೋರಾಗ್ ಕೇಳುಸ್ತಾ ಅದೆ, ನಿಂಗ್ ಇಲ್ವಾ? ವಯಸ್ಸಾಯ್ತಲ್ಲ, ಕಿವಿ ಮಂದ ಆಗದೆ ಬುಡು ನಿಂಗೆ."

ತಮಾಷೆಗೆ ಅಂದದ್ದು ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ತಮಾಷೆಯಲ್ಲ.

ಅವನು ನಂಬಿದ. ನಾನು ಸುಳ್ಳು ಹೇಳಬಹುದೆಂಬ ಯೋಚನೆಯೇ ಅವನಿಗೆ ಬರಲಿಲ್ಲ. ಮಂಡ್ಯದ ಕಿವಿ ಡಾಕ್ಟರ ಬಳಿ ಹೋದ. ಅವರು ಪರೀಕ್ಷೆ ಮಾಡಿ, ಕಿವಿ ಚೆನ್ನಾಗಿದೆ ಎಂದರು. "ಡಾಕ್ಟ್ರು ಪರೀಕ್ಷೆ ಮನುಸ್ರ ಮಾತಿಗೆ ಸರಿ, ಎಂಜಿನ್ ಸದ್ದಿಗಲ್ಲ" ಎಂದು ತನಗೆ ತಾನೇ ತೀರ್ಮಾನ ಮಾಡಿಕೊಂಡ. ಅವನ ಹೆಂಡತಿ ಭಾಗ್ಯಮ್ಮ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಟ್ಟರು. ಎಲ್ಲಿಂದಲೋ ಕಿವಿಗೆ ಹಾಕುವ ಮಿಷನ್ ತರಿಸಿಕೊಂಡ. ಗಾಡಿ ಸ್ಟಾರ್ಟ್ ಮಾಡಿದರೆ ಅದು ಕೀ ಎಂದು ಕಿರುಚಿ ಅವನು ಹಾರಿಬೀಳುತ್ತಿದ್ದ. ಇದನ್ನೆಲ್ಲ ಅವನೇ ನಗುತ್ತ ಹೇಳುತ್ತಿದ್ದ, ನಾನೂ ಕೇಳಿ ನಗುತ್ತಿದ್ದೆ. ಏನು ಮನುಷ್ಯ ನಾನು.

ಕ್ರಮೇಣ ಅವನು ಕಾರು ಮುಟ್ಟುವುದನ್ನೇ ಬಿಟ್ಟ. ಪಂಕ್ಚರು, ಪಂಪ್‌ಸೆಟ್ಟು, ಟಿಲ್ಲರು — ಅಷ್ಟೇ. ಕಾರು ತಂದವರನ್ನೆಲ್ಲ "ಮದ್ದೂರ್ಗೋಗಿ, ನಮ್ ಕೆಂಪನ್ ಕಿವಿ ಮುಂದೆ ನಮ್ದೆಲ್ಲ ಏನೂ ಅಲ್ಲ" ಎಂದು ನನ್ನ ಬಳಿಗೆ ಕಳಿಸುತ್ತಿದ್ದ. ಶನಿವಾರದ ಭಜನೆಯಲ್ಲಿ ತಾಳ ಹಾಕುವುದನ್ನು ಬಿಟ್ಟ, ಲಯ ತಪ್ಪಿದರೆ ಎಂಬ ಹೆದರಿಕೆ. ಮಗಳನ್ನು ಚನ್ನಪಟ್ಟಣಕ್ಕೆ ಕೊಟ್ಟಿದ್ದರು. ಮೊಮ್ಮಗಳು ಫೋನ್ ಮಾಡಿದರೆ, "ನಂಗ್ ಸರಿಯಾಗ್ ಕೇಳಕಿಲ್ಲ ಕಣವ್ವ, ನಿಮ್ಮಜ್ಜಿ ತಾವ ಮಾತಾಡು" ಎಂದು ಕೊಟ್ಟುಬಿಡುತ್ತಿದ್ದನಂತೆ. ಅವನಿಗೆ ಚೆನ್ನಾಗಿಯೇ ಕೇಳಿಸುತ್ತಿತ್ತು. ಕೇಳಿಸಿದ್ದು ಸರಿಯೇ ಇರಬೇಕೆಂಬ ಧೈರ್ಯ ಹೋಗಿತ್ತು. ಅದನ್ನು ಕಿತ್ತುಕೊಂಡವನು ನಾನು.

ನನ್ನ ಹೆಂಡತಿ ಸಾವಿತ್ರಿಗೆ ಮಾತ್ರ ಗುಟ್ಟು ಗೊತ್ತಿತ್ತು. ಆಯುಧಪೂಜೆಯಲ್ಲಿ ಸಾಮಾನೆಲ್ಲ ತೊಳೆದು ಜೋಡಿಸುವಾಗ, "ದುಡಿಯೋದು ಒಳ್ಗಡೆ ಕುಂತದೆ, ಕುಂಕುಮ ಮಾತ್ರ ಸ್ಕ್ರೂಡ್ರೈವರ್ಗೆ" ಎಂದು ಗೊಣಗುತ್ತಿದ್ದಳು. ಮಧ್ಯಾಹ್ನ ನಂಜುಂಡ ಬಂದು, ಚಪ್ಪಲಿ ಬಿಟ್ಟು, ಬಗ್ಗಿ, ಆ ಸ್ಕ್ರೂಡ್ರೈವರಿಗೇ ಮೊದಲು ಕುಂಕುಮ ಇಡುತ್ತಿದ್ದ. ಹನ್ನೊಂದು ಸಲ ಇಟ್ಟ. ಒಂದೊಂದು ವರ್ಷವೂ ಇವತ್ತು ಹೇಳಿಬಿಡುತ್ತೇನೆ ಎಂದುಕೊಳ್ಳುತ್ತಿದ್ದೆ. ಕಡ್ಲೆಪುರಿ ಹಂಚಿ ಮುಗಿಯುವ ಹೊತ್ತಿಗೆ ಆ ನಿರ್ಧಾರವೂ ಮುಗಿದಿರುತ್ತಿತ್ತು.

ಕಳೆದ ಆಯುಧಪೂಜೆಯ ದಿನ. ಕುಂಕುಮ ಇಟ್ಟು ನಂಜುಂಡ ಬಾಗಿಲ ಬಾಳೆಕಂದಿನ ಪಕ್ಕ ಕೂತು ಕಡ್ಲೆಪುರಿ ತಿನ್ನುತ್ತಿದ್ದ. ಮದ್ದೂರಿನ ಎಳನೀರು ವ್ಯಾಪಾರಿಯೊಬ್ಬರು ಹಳೇ ಕಾರು ತಂದರು. ಹಬ್ಬದ ದಿನ ಸಾಮಾನು ಮುಟ್ಟುವುದಿಲ್ಲ. ಆದರೆ ಸಂಸಾರ ಸಮೇತ ಮೈಸೂರಿಗೆ ಹೊರಟಿದ್ದಾರೆ, ಏನೋ ಸದ್ದು ಬರುತ್ತಿದೆ ಎನ್ನುತ್ತಾರೆ. ಅವರನ್ನೆಲ್ಲ ವಡೆಗೆ ಕಳಿಸಿದೆ. ನಂಜುಂಡನನ್ನು ನೀರು ತರಲು ಕಳಿಸಿ ಮಿಷನ್ ಸಿಕ್ಕಿಸಿದೆ. ಅದು "ಯಾವ ದೋಷವೂ ಇಲ್ಲ" ಎಂದಿತು. ವೈರು ಹೇಳಿದ್ದಷ್ಟೇ ಅದಕ್ಕೆ ಗೊತ್ತು, ಕಬ್ಬಿಣ ಸವೆದದ್ದು ಗೊತ್ತಾಗದು. ಅವರು ವಾಪಸ್ ಬಂದಾಗ ನಾನು ಸ್ಕ್ರೂಡ್ರೈವರ್ ಊರಿ, ಕಣ್ಣು ಮುಚ್ಚಿ, ಬಾಯಿಗೆ ಬಂದದ್ದು ಹೇಳಿದೆ: "ಟ್ಯಾಪೆಟ್ ಸದ್ದು, ಹಳೇ ಎಂಜಿನ್ನಿಗೆ ಮಾಮೂಲು. ಭಯ ಇಲ್ಲ, ಹೋಗ್ಬನ್ನಿ."

ನೀರು ತಂದು ಬಾಗಿಲ ಬಳಿ ನಿಂತಿದ್ದ ನಂಜುಂಡ ಕೆಮ್ಮಿದ. ಹತ್ತಿರ ಬಂದು ನನಗೆ ಮಾತ್ರ ಕೇಳುವಂತೆ, "ಲೋ, ನಂಗ್ಯಾಕೋ ವಾಟರ್ ಪಂಪ್ ಬೇರಿಂಗ್ ಅಳ್ತಾ ಇದ್ದಂಗ್ ಕೇಳುಸ್ತು ಕಣ್ಲಾ" ಎಂದ. ಕೂಡಲೇ ಕೈಯಾಡಿಸಿಬಿಟ್ಟ. "ಬುಡು ಬುಡು. ನನ್ ಕಿವಿ ಕಟ್ಕಂಡ್ ಏನಾಗ್ಬೇಕು. ನೀನ್ ಯೋಳಿದ್ದೇ ಸರಿ."

ನನಗೆ ತಡೆಯಲಾಗಲಿಲ್ಲ. ಎಂಜಿನ್ ಆರಿಸಿ ಬೆಲ್ಟು ತೆಗೆದು ಪಂಪಿನ ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿದೆ. ಗರಗರ ಎಂದಿತು; ಹಿಡಿದು ಅಲ್ಲಾಡಿಸಿದರೆ ಅಲ್ಲಾಡಿತು. ಹಾಗೇ ಕಳಿಸಿದ್ದರೆ ಶ್ರೀರಂಗಪಟ್ಟಣ ದಾಟುವ ಮೊದಲೇ ನೀರು ಹರಿಯದೆ ಎಂಜಿನ್ ಸುಟ್ಟು, ಮಕ್ಕಳು ಮರಿ ಹೆದ್ದಾರಿಯ ಮೇಲೆ ನಿಲ್ಲಬೇಕಿತ್ತು. ಕಾರು ಇಲ್ಲೇ ಬಿಡಿ, ಬಸ್ಸಿನಲ್ಲಿ ಹೋಗಿ ಎಂದೆ. ಆ ಪುಣ್ಯಾತ್ಮರು ಕೈ ಮುಗಿದು, "ಅಬ್ಬಬ್ಬಾ, ನಿಮ್ ಕಿವೀನೇ ಕಿವಿ!" ಎಂದರು. ನಂಜುಂಡ ಪಕ್ಕದಲ್ಲೇ ನಿಂತು, ಹೌದು ಹೌದು ಎಂದು ತಲೆಯಾಡಿಸುತ್ತಿದ್ದ. ಕಂಡುಹಿಡಿದದ್ದು ಅವನು. ಸಂತೋಷಪಡುತ್ತಿದ್ದುದೂ ಅವನೇ, ನನಗಾಗಿ!

ಅವರು ಹೋದ ಮೇಲೆ ಅವನ ಕೈ ಹಿಡಿದು ಗೂಡಿನ ಮುಂದೆ ನಿಲ್ಲಿಸಿದೆ. ಗಣಪತಿಯನ್ನು ಪಕ್ಕಕ್ಕೆ ಸರಿಸಿದೆ. ಕೆಂಪು ಬಟ್ಟೆ ತೆಗೆದೆ.

ಅವನು ಬಗ್ಗಿ ನೋಡಿದ. ಪ್ಲಗ್ಗುಗಳ ಪೆಟ್ಟಿಗೆಯಿಂದ ದುಂಡನೆಯದನ್ನು ತೆಗೆದು ಬೆರಳಲ್ಲಿ ಸವರಿದ.

"ಇದು ನಾವ್ ಉಡುಕ್ತಿದ್ದುದ್ದಲ್ವೇನ್ಲಾ?"

"ಊ."

"ಯಾವಾಗ್ ಸಿಕ್ತು?"

"ಬೆಳಕವಾಡಿ ಮೇಷ್ಟ್ರು ಕಾರ್ ಬಂತಲ್ಲ. ಅದ್ಕೆ ಎಲ್ಡ್ ದಿನ ಮುಂಚೆ."

ಅವನು ಹೊಡೆಯುತ್ತಾನೆ ಎಂದುಕೊಂಡೆ. ಹೊಡೆಯಲಿ ಎಂದು ನಿಂತಿದ್ದೆ. ಅವನ ಹುಬ್ಬು ಗಂಟಿಕ್ಕಿತ್ತು. ಏನನ್ನೋ ಹಿಂದಿನಿಂದ ಜೋಡಿಸಿಕೊಂಡು ಬರುತ್ತಿದ್ದ.

"ಅಂಗಾರೆ ಆ ಸೆನ್ಸರ್ ಸದ್ದು?"

"ಅದ್ಕೆ ಸದ್ದೇ ಇಲ್ಲ ಕಣ್ಲಾ ನಂಜುಂಡ. ನಾನ್ ಯೋಳಿದ್ದು ಸುಳ್ಳು."

"ಅಂಗಾರೆ..." ಅವನ ಇನ್ನೊಂದು ಕೈ ಕಿವಿಗೆ ಹೋಯಿತು. "ಅಂಗಾರೆ ನನ್ ಕಿವಿ ಚೆಂದಾಗದಾ?"

ಇಷ್ಟು ವರ್ಷದ ಮೋಸ ಎದುರಿಗಿತ್ತು, ಮೋಸ ಮಾಡಿದವನೂ ಎದುರಿಗಿದ್ದ. ಅವನು ಕೇಳಿದ್ದು ಇದೊಂದೇ ಪ್ರಶ್ನೆ. ಹೌದೆಂದು ತಲೆಯಾಡಿಸಿದೆ.

ಅವನು ಪ್ಲಗ್ಗನ್ನು ಪೆಟ್ಟಿಗೆಗೆ ಹಾಕಿ, ಬರಿಗಾಲಲ್ಲೇ ರಸ್ತೆಗೆ ಓಡಿದ. ಹಬ್ಬದ ಗಾಡಿಗಳೆಲ್ಲ ಹೂವಿನ ಹಾರ ಹಾಕಿಕೊಂಡು ಓಡಾಡುತ್ತಿದ್ದವು. "ಸೈಲೆನ್ಸರ್ ತೂತು!" ಎಂದು ಒಂದು ಆಟೋಗೆ ಕೂಗಿದ. "ಕ್ಲಚ್ ಹೋಯ್ತಾ ಅದೆ, ನೋಡ್ಕಳಯ್ಯ!" ಎಂದು ಒಂದು ಬಸ್ಸಿಗೆ ಕೂಗಿದ. ಡ್ರೈವರ್ ತಲೆ ಹೊರಗೆ ಹಾಕಿ ಏನೋ ಬೈದ, "ನೀನ್ ಬಯ್ದಿದ್ದೂ ಕೇಳುಸ್ತು!" ಎಂದು ನಂಜುಂಡ ಚಪ್ಪಾಳೆ ತಟ್ಟಿದ. ಅಲ್ಲೇ ನಿಂತು ಮನೆಗೆ ಫೋನ್ ಮಾಡಿದ. ಭಾಗ್ಯಮ್ಮ ಅಭ್ಯಾಸಬಲದಿಂದ ಆ ಕಡೆಯಿಂದ ಕಿರುಚುತ್ತಿದ್ದದ್ದು ನನ್ನ ಮಂದ ಕಿವಿಗೂ ಕೇಳುತ್ತಿತ್ತು. "ಮೆತ್ಗ್ ಮಾತಾಡೇ! ಇನ್ಮ್ಯಾಕೆ ಮೆತ್ಗ್ ಮಾತಾಡೇ, ಕೇಳ್ತದೆ ಕಣೇ ನಂಗೆ!" ಎಂದು ಇವನೂ ಕಿರುಚುತ್ತಿದ್ದ. ನಗುತ್ತಿದ್ದ, ಅಳುತ್ತಿದ್ದ. ಆಮೇಲೆ ಮೊಮ್ಮಗಳಿಗೆ ಮಾಡಿದ. ರಸ್ತೆ ಬದಿಯ ಕಲ್ಲಿನ ಮೇಲೆ ಕೂತು, ಫೋನನ್ನು ಎರಡೂ ಕೈಯಲ್ಲಿ ಕಿವಿಗೆ ಒತ್ತಿಕೊಂಡು, ಬಹಳ ಹೊತ್ತು ಬರೀ ಕೇಳಿದ.

ಕೋಪ ಬಂದದ್ದು ಆಮೇಲೆ. "ಬಡ್ಡೆತ್ತದೆ" ಎಂದು ಶುರು ಮಾಡಿ, ನನ್ನ ಮೂರು ತಲೆಮಾರನ್ನು ಮುಗಿಸಿ, ಬೈಕ್ ಹತ್ತಿದ ಮೇಲೂ ನಿಲ್ಲಿಸಲಿಲ್ಲ. ಮಾರನೆಯ ದಿನ ಫೋನಿನಲ್ಲಿ ಬೈದ, ಅದರ ಮಾರನೆಯ ದಿನವೂ ಬೈದ. ನಾನು ಫೋನಿಟ್ಟುಕೊಂಡು ಊ, ಊ ಎನ್ನುತ್ತಿದ್ದೆ. ಬೈಗುಳ ಕೇಳಿ ಅಷ್ಟು ಹಗುರವಾದದ್ದು ನನ್ನ ಜನ್ಮದಲ್ಲೇ ಇಲ್ಲ. ಸಾವಿತ್ರಿ, "ಇನ್ನೂ ವಸಿ ಜೋರಾಗ್ ಬಯ್ಯಕ್ಕೇಳಿ" ಎಂದು ನನ್ನ ಪಕ್ಕದಲ್ಲೇ ನಿಂತು ಕುಮ್ಮಕ್ಕು ಕೊಡುತ್ತಿದ್ದಳು.

ಮಿಷನ್ನನ್ನು ನಾನೇ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಮಳವಳ್ಳಿಗೆ ಹೋಗಿ ಕೊಟ್ಟು ಬಂದೆ. ಇನ್ನು ಅದು ಅವನದು. ನನ್ನ ಬಳಿ ಹಳೇ ಕಾರು ತಂದು "ಕಿವಿ ಇಡಿ" ಎಂದವರಿಗೆಲ್ಲ ನಿಜ ಹೇಳುತ್ತಿದ್ದೇನೆ. ಕೆಲವರು ನಗುತ್ತಾರೆ, ಕೆಲವರು ಗಾಡಿ ತಿರುಗಿಸಿಕೊಂಡು ಹೋಗುತ್ತಾರೆ. ಬೆಳಕವಾಡಿಯ ಮೇಷ್ಟ್ರು ಮಾತ್ರ ನಂಬಲೇ ಇಲ್ಲ. ವಿನಯಕ್ಕೆ ಹಾಗೆ ಹೇಳುತ್ತಿದ್ದೀರಿ ಎಂದರು. ಅವರ ಮನೆಗೇ ಹೋಗಿ ಎರಡನೇ ಸಲ ಹೇಳಿ ಬಂದೆ. ಬಾಯಲ್ಲಿ ಹೇಳಿ ಮುಟ್ಟಿಸಲಾಗದವರಿಗೆಂದು ಇದನ್ನು ಬರೆಯುತ್ತಿದ್ದೇನೆ. ನಂಜುಂಡನ ಹನ್ನೊಂದು ವರ್ಷವನ್ನು ಯಾವ ಗುಜರಿಯಲ್ಲಿ ಹುಡುಕಿ ತಂದುಕೊಡಲಿ? ಅವನ ಮೊಮ್ಮಗಳ ತೊದಲು ಮಾತಿನ ಕಾಲ ಮುಗಿದು ಅವಳೀಗ ಶಾಲೆಗೆ ಹೋಗುವ ಹುಡುಗಿ.

ಮೊನ್ನೆ ಭಾನುವಾರ ಮಳವಳ್ಳಿಗೆ ಹೋಗಿದ್ದೆ. ಅವನ ಶೆಡ್ಡಿನ ಮುಂದೆ ಮೂರು ಮುದಿ ಕಾರು ಸಾಲಾಗಿ ನಿಂತಿದ್ದವು. ಒಂದರ ಬಾನೆಟ್ಟಿನೊಳಗೆ ನಂಜುಂಡ ಅರ್ಧ ಮೈ ಇಳಿಬಿಟ್ಟಿದ್ದ. ಮಿಷನ್ ಪಕ್ಕದ ಸ್ಟೂಲಿನ ಮೇಲೆ, ಎಲ್ಲರಿಗೂ ಕಾಣುವಂತೆ ಇತ್ತು. ಎಷ್ಟೋ ದಿನದಿಂದ ನಾಲಗೆಯ ತುದಿಯಲ್ಲಿದ್ದ ಮಾತನ್ನು ಹೇಳಲೆಂದೇ ಹೋಗಿದ್ದೆ. ಹತ್ತಿರ ಹೋಗಿ, "ನಂಜುಂಡ, ನನ್ ಕ್ಷಮಿಸ್..." ಎಂದು ಶುರು ಮಾಡಿದೆ.

ಅವನು ತಲೆ ಎತ್ತಲಿಲ್ಲ. ಕಣ್ಣು ಮುಚ್ಚಿತ್ತು, ಮುಖದ ತುಂಬ ನಗುವಿತ್ತು. ಒಂದು ಕೈಯನ್ನು ನನ್ನ ಕಡೆ ಚಾಚಿ ತಡೆದ.

"ಸುಮ್ಕಿರ್ಲಾ ವಸಿ. ಕೇಳುಸ್ಕತಾ ಇವ್ನಿ."